ಬೆತ್ತದ ಬರೆ ಮಾಯುತ್ತದೆ, ಮನಸ್ಸಿನ ಬರೆ?

ಬೆತ್ತ ಆಡಿದರೇ ವಿದ್ಯೆ ಬರುತ್ತದೆಂಬ ಮಾತು ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಂತಹ ಗಡಿಭಾಗದ ಊರುಗಳ ಮಕ್ಕಳು ಇದನ್ನು ಎರಡೂ ಭಾಷೆಗಳಲ್ಲಿ ಕೇಳಿರಬಹುದು. ಬೆತ್ತದ ಬರೆ ನಾಲ್ಕು ದಿನಗಳಲ್ಲಿ ಮಾಯುತ್ತದೆ. ಆದರೆ ದಿನನಿತ್ಯದ ಹೊಡೆತ, 'ನೀನು ಹುಟ್ಟಲೇಬಾರದಿತ್ತು' ಎಂಬ ಹೀನಾಯದ ಮಾತು, ಹಸಿದರೂ ಅತ್ತರೂ ಕೇಳುವವರಿಲ್ಲದ ನಿರ್ಲಕ್ಷ್ಯ, ಲೈಂಗಿಕ ದೌರ್ಜನ್ಯ - ಇವುಗಳ ಗುರುತು ದೊಡ್ಡವರಾದ ಮೇಲೂ ಸ್ವಭಾವದಲ್ಲೇ ಉಳಿಯಬಹುದು ಎನ್ನುತ್ತಾರೆ ಮನೋವಿಜ್ಞಾನಿಗಳು.

ಏನಿದು ವ್ಯಕ್ತಿತ್ವ ದೋಷ?

ಒಬ್ಬೊಬ್ಬರದು ಒಂದೊಂದು ಸ್ವಭಾವ. ಅದು ದೋಷವಲ್ಲ. ಯೋಚಿಸುವ, ಭಾವಿಸುವ, ಇತರರೊಡನೆ ವರ್ತಿಸುವ ರೀತಿ ಬಗ್ಗದಷ್ಟು ಗಡುಸಾಗಿ, ವರ್ಷಗಟ್ಟಲೆ ತನಗೂ ಇತರರಿಗೂ ತೊಂದರೆ ಕೊಟ್ಟರೆ ಅದು ವ್ಯಕ್ತಿತ್ವ ದೋಷ. ಕೆಲವರಿಗೆ ಎಲ್ಲರ ಮೇಲೂ ಸಂಶಯ. ಕೆಲವರಿಗೆ ಬೆಳಿಗ್ಗೆ ದೇವರಂತೆ ಕಂಡ ಗೆಳೆಯ ಸಂಜೆಗೆ ಶತ್ರು. ಕೈಬಿಟ್ಟಾರೆಂಬ ಭಯದಲ್ಲಿ ಕೈ ಕೊಯ್ದುಕೊಳ್ಳುವುದೂ ಉಂಟು. ಇನ್ನು ಕೆಲವರಿಗೆ ಪರರನ್ನು ನೋಯಿಸಿದರೂ ಪಶ್ಚಾತ್ತಾಪವಿಲ್ಲ. ಹದಿಹರೆಯದ ನಾಲ್ಕು ದಿನದ ಸಿಟ್ಟು ಸೆಡವುಗಳಿಗೆ ಈ ಹೆಸರು ಸಲ್ಲದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 639 ತಾಯಂದಿರು ಹಾಗೂ ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದದ್ದು ದಾಖಲಾಗಿದ್ದವರಲ್ಲಿ, ತಾರುಣ್ಯದಲ್ಲಿ ವ್ಯಕ್ತಿತ್ವ ದೋಷ ಕಾಣುವ ಸಂಭವ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ನಮ್ಮಲ್ಲಿ? ಕೇಂದ್ರ ಸರ್ಕಾರ 2007ರಲ್ಲಿ ಹೊರತಂದ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಬೀದರ್‌ಗೆ ಹೊಂದಿಕೊಂಡ ಮಹಾರಾಷ್ಟ್ರವೂ ಆ 13ರಲ್ಲಿ ಒಂದು.

ಹೀಗೇಕೆ?

ಏಟು ಯಾವಾಗ ಬೀಳುವುದೋ ತಿಳಿಯದ ಮಗು ಸದಾ ಎಚ್ಚರವಾಗಿರುತ್ತದೆ. ಮುಖಗಳನ್ನು ಓದುತ್ತದೆ, ಸುಳ್ಳು ಹೇಳಿ ಪಾರಾಗುತ್ತದೆ, ಯಾರನ್ನೂ ನಂಬುವುದಿಲ್ಲ. ಆ ಮನೆಯಲ್ಲಿ ಅದೇ ಅದರ ರಕ್ಷಣೆ. ಆದರೆ ಮನೆ ಬಿಟ್ಟ ಮೇಲೂ ಆ ರಕ್ಷಣೆ ಕಳಚದೆ, ಸ್ನೇಹ, ನೌಕರಿ, ದಾಂಪತ್ಯಗಳಿಗೆ ಅಡ್ಡ ಬರುತ್ತದೆ.

ಹಾಗೆಂದು ಇದು ಹಣೆಬರಹವಲ್ಲ. ಅನುವಂಶೀಯತೆಗೂ ಪಾಲಿದೆ, ನೊಂದ ಮಕ್ಕಳೆಲ್ಲರಿಗೂ ದೋಷ ಬರುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ತೀರಾ ಕಷ್ಟದಲ್ಲಿ ಬೆಳೆದವರಲ್ಲೂ ಮೂರರಲ್ಲೊಂದು ಪಾಲು ಸಮರ್ಥರಾಗಿ ಬೆಳೆದರು. ಅಂಥವರ ಬಾಳಿನಲ್ಲಿ ನಂಬಬಹುದಾದ ಒಬ್ಬ ಹಿರಿಯರಾದರೂ ಇದ್ದರು. ಅಜ್ಜಿಯಿರಲಿ, ಸೋದರಮಾವನಿರಲಿ, ಶಾಲೆಯ ಮಾಸ್ತರರಿರಲಿ. ತಂದೆ-ತಾಯಿ ದುಡಿಯಲು ಹೈದರಾಬಾದು, ಪುಣೆ ಸೇರಿದ ಮನೆಗಳಲ್ಲಿ ಅಜ್ಜಿಯ ಅಕ್ಕರೆಯೇ ಆ ಆಸರೆಯಾಗಬಲ್ಲದು.

ಏನು ಮಾಡಬೇಕು?

ಶಿಸ್ತು ಬೇಕು, ಹೊಡೆತ ಬೇಡ. ತಪ್ಪನ್ನು ಖಂಡಿಸಿ, ಮಗುವನ್ನಲ್ಲ. ಸಿಟ್ಟಿನಲ್ಲಿ ಕೈ ಮಾಡಿದ್ದರೆ 'ತಪ್ಪಾಯಿತು' ಎನ್ನಲು ಹಿಂಜರಿಯಬೇಡಿ. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ.

ವಿದ್ಯಾರ್ಥಿಗಳೇ, ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಹಿಂಸೆಯಾದರೆ ಅದು ನಿಮ್ಮ ತಪ್ಪಲ್ಲ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ. 1098ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ. ವ್ಯಕ್ತಿತ್ವ ದೋಷಕ್ಕೂ ಮಾತಿನ ಚಿಕಿತ್ಸೆಯುಂಟು; ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿದರೂ ಫಲ ಕೊಡುತ್ತದೆ. ಬಗ್ಗದು ಎಂದುಕೊಂಡ ಮರವೂ ಮೆಲ್ಲಗೆ ಚಿಗುರುವುದುಂಟು.