ಕೊಟ್ಟವರ ಮನೆಗೆ ಮತ್ತೆ ಹೋಗುವುದು

ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಹತ್ತು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲೆಗೊಂದು ಕೊಠಡಿ, ಹೆಣ್ಣುಮಕ್ಕಳಿಗೆ ಹಾಸ್ಟೆಲು, ವಾಚನಾಲಯ, ಬರಗಾಲಕ್ಕೊಂದು ಗೋಶಾಲೆ ಎಂದು ಟ್ರಸ್ಟನ್ನೋ ಸಂಘವನ್ನೋ ಕಟ್ಟಿಕೊಂಡು ಓಡಾಡುವವರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಸಿಗುತ್ತಾರೆ. ಅವರೊಂದಿಗೆ ಮಾತಿಗೆ ಕೂತರೆ ಹಣ ಸಂಗ್ರಹದ ಬಗ್ಗೆ ಕೆಲವು ನಂಬಿಕೆಗಳು ತಿರುತಿರುಗಿ ಕಿವಿಗೆ ಬೀಳುತ್ತವೆ. ಒಂದೊಂದರಲ್ಲೂ ಚೂರು ನಿಜವಿದೆ. ಅದಕ್ಕೇ ಅವು ಇಷ್ಟು ಗಟ್ಟಿ.

ತಪ್ಪು ಕಲ್ಪನೆ: “ನಮ್ಮ ಕಡೆ ಏನೈತೆ ಸ್ವಾಮಿ? ಮಳೆ ಇಲ್ಲ, ಬೆಳೆ ಇಲ್ಲ. ಕೊಡೋರು ಯಾರು?”

ಮಳೆ ಕಡಿಮೆ ಎಂಬುದು ನಿಜ. ಕೊಡುವವರಿಲ್ಲ ಎಂಬುದು ಮಾತ್ರ ಸುಳ್ಳು. ಗ್ರಾಮದೇವತೆಯ ಹಬ್ಬ ಬಂದರೆ ಮನೆಗಿಷ್ಟು ಅಂತ ವಂತಿಗೆ ಎತ್ತದ ಊರು ಈ ಸೀಮೆಯಲ್ಲಿಲ್ಲ. ಬೋರು ಬತ್ತಿದವನೂ ಅದಕ್ಕೆ ತಪ್ಪಿಸುವುದಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಹುಂಡಿಗೆ ಬೀಳುವುದು ಬರೀ ಸಾಹುಕಾರರ ನೋಟಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರಿಗೆ ಊರೇ ಕಾಯುತ್ತದೆ. ಅದೂ ಕೊಡುಗೆಯೇ, ರಸೀದಿ ಇಲ್ಲ ಅಷ್ಟೇ.

ಇನ್ನು ಪಕ್ಕದ ತುಮಕೂರಿನ ಸಿದ್ಧಗಂಗಾ ಮಠ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಮಠದ ಹೊಣೆ ಹೊತ್ತಿದ್ದು 1941ರಲ್ಲಿ. ಅವರ ಕಾಲದಲ್ಲೇ ಸುಮಾರು ಹತ್ತು ಸಾವಿರ ಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ, ಆಶ್ರಯ ಸಿಗುವ ಮಟ್ಟಕ್ಕೆ ಮಠ ಬೆಳೆಯಿತು. ಆ ದಾಸೋಹದ ಹಿಂದೆ ದೊಡ್ಡ ದಾನಿಗಳು ಇದ್ದರು, ಸರ್ಕಾರದ ನೆರವೂ ಇತ್ತು. ಆದರೆ ಅದರ ಬೇರು ಇರುವುದು ಸುಗ್ಗಿಯಾದ ಮೇಲೆ ರಾಗಿ, ಬೆಲ್ಲ, ತೆಂಗಿನಕಾಯಿ ಹೊತ್ತು ತಂದ ಒಕ್ಕಲುಗಳಲ್ಲಿ. ಸ್ವಾಮಿಗಳು ಹಳ್ಳಿ ಹಳ್ಳಿ ಸುತ್ತಿದವರು. ಮಠದಲ್ಲಿ ಓದಿ ಹೊರಬಂದ ಹುಡುಗನ ಅಪ್ಪ ಮರುವರ್ಷವೂ ಮೂಟೆ ಕಳಿಸುತ್ತಿದ್ದ, ದೊಡ್ಡವನಾದ ಮೇಲೆ ಆ ಹುಡುಗನೂ ಕಳಿಸಿದ. “ಅದು ಮಠ, ದೇವರ ಭಯ ಇರ್ತದೆ, ನಮಗೆ ಯಾರು ಕೊಡ್ತಾರೆ” ಎನ್ನುವವರಿದ್ದಾರೆ. ಭಕ್ತಿಯ ಪಾಲು ಎಷ್ಟೇ ಇರಲಿ, ಕೊಟ್ಟ ರಾಗಿ ಮುದ್ದೆಯಾಗಿ ಮಗುವಿನ ತಟ್ಟೆಗೆ ಬೀಳುವುದನ್ನು ಅಲ್ಲಿ ಹೋದ ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಎಷ್ಟು ಟ್ರಸ್ಟುಗಳು ಇಷ್ಟನ್ನು ತೋರಿಸಬಲ್ಲವು?

ತಪ್ಪು ಕಲ್ಪನೆ: “ಸೋಲಾರ್ ಪಾರ್ಕ್ ಬಂತಲ್ಲ, ಸಿಎಸ್‌ಆರ್ ದುಡ್ಡು ಬಂದರೆ ಎಲ್ಲಾ ಸರಿಹೋಗ್ತದೆ.”

ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದ ಮೇಲೆ ಈ ಆಸೆ ಬಲವಾಗಿದೆ. ಕಾನೂನು ಹೇಳುವುದು ಬೇರೆ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯನ್ನು ವಿಧಿಸುವ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಹಿಂದಿನ ವರ್ಷ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿ ಮಾತ್ರ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಸುತ್ತಲ ಊರಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ ನಿಜ, ನಿಮ್ಮ ಟ್ರಸ್ಟಿಗೇ ಕೊಡಬೇಕೆಂದು ಹೇಳುವುದಿಲ್ಲ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಇಲ್ಲದ ಸಂಸ್ಥೆಯ ಮೂಲಕ ಕಂಪನಿ ಈ ಹಣ ಖರ್ಚು ಮಾಡುವಂತಿಲ್ಲ. ಕಂಪನಿಯೇ ಕಟ್ಟಿದ್ದಲ್ಲದ ಹೊರಗಿನ ಸಂಸ್ಥೆಗೆ ಕನಿಷ್ಠ ಮೂರು ವರ್ಷದ ಕೆಲಸದ ಹಿನ್ನೆಲೆಯೂ ಇರಬೇಕು.

ಇನ್ನೊಂದು ತೊಡಕು: ಕಂಪನಿಯ ಹಣ ಯೋಜನೆಗೆ ಬರುತ್ತದೆ, ಯೋಜನೆ ಮುಗಿದೊಡನೆ ನಿಲ್ಲುತ್ತದೆ. ಕಟ್ಟಡ ಎದ್ದೀತು, ಅದರ ಕಾವಲುಗಾರನ ಸಂಬಳ ಮೂರನೇ ವರ್ಷ ಯಾರ ತಲೆಗೆ? ಪಾವಗಡದಲ್ಲೇ ಬೇರೆ ಬಗೆಯ ಮಾದರಿ ಇದೆ. ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ರೋಗಿಗಳ ಆರೈಕೆ, ಕಣ್ಣಿನ ಚಿಕಿತ್ಸೆಗಳಲ್ಲಿ ದಶಕಗಳಿಂದ ತೊಡಗಿದೆ. ಇನ್ಫೋಸಿಸ್ ಪ್ರತಿಷ್ಠಾನದಂಥ ದೊಡ್ಡ ದಾನಿ ಅದರ ಜೊತೆ ಬಹುಕಾಲ ನಿಂತಿದೆ. ಆದರೆ ಎಲ್ಲರೂ ದೂರವಿಡುತ್ತಿದ್ದ ರೋಗಿಗಳನ್ನು ಮುಟ್ಟಿ ಆರೈಕೆ ಮಾಡಿದ ಹೆಸರು ಆಶ್ರಮಕ್ಕೆ ಮೊದಲಿನಿಂದಲೂ ಇತ್ತು. ಕಂಪನಿ ಹುಡುಕುವುದು ಅಂಥ ಹೆಸರನ್ನು. ಅರ್ಜಿಯ ಜೊತೆಗೆ ಹೆಸರು ಹುಟ್ಟುವುದಿಲ್ಲ.

ತಪ್ಪು ಕಲ್ಪನೆ: “80ಜಿ ಸಿಕ್ಕರೆ ಸಾಕು, ತೆರಿಗೆ ಉಳಿಸೋಕೆ ಜನ ತಾವಾಗೇ ಬರ್ತಾರೆ.”

80ಜಿ ಅಂದರೆ ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಸೆಕ್ಷನ್. ಲೆಕ್ಕ ಹಾಕೋಣ. ಒಬ್ಬರು ಹತ್ತು ಸಾವಿರ ಕೊಟ್ಟರು. ಸಾಮಾನ್ಯ ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಅರ್ಧ, ಅಂದರೆ ಐದು ಸಾವಿರ, ಅವರ ಆದಾಯದಿಂದ ಕಳೆಯುತ್ತದೆ. ಶೇ 30ರ ತೆರಿಗೆ ಕಟ್ಟುವವರಾದರೆ ಸೆಸ್ ಸೇರಿ ಉಳಿಯುವುದು 1,560 ರೂಪಾಯಿ. ಶೇ 20ರವರಾದರೆ 1,040. ಇಷ್ಟಕ್ಕಾಗಿ ಹತ್ತು ಸಾವಿರ ಬಿಡುವವನು ಇದ್ದರೆ ಅವನಿಗೆ ಮೊದಲು ಗಣಿತ ಪಾಠ ಹೇಳಬೇಕು. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ. ಹೊಸ ಪದ್ಧತಿ ಆರಿಸಿಕೊಂಡ ಮೇಷ್ಟರಿಗೆ, ಬ್ಯಾಂಕ್ ನೌಕರರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೂ ಇಲ್ಲ.

ಹಾಗಂತ 80ಜಿ ಬೇಡವೆಂದಲ್ಲ. ಇದ್ದರೆ ಸಂಸ್ಥೆಯ ಕಾಗದಪತ್ರ ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿ. ಆರ್ಥಿಕ ವರ್ಷ ಮುಗಿದು ಮೇ 31ರೊಳಗೆ ದೇಣಿಗೆಗಳ ವಿವರದ 10ಬಿಡಿ ನಮೂನೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಇದನ್ನು ಮರೆತ ಸಂಸ್ಥೆಯಿಂದ ದಾನಿಗೆ ತೆರಿಗೆ ಇಲಾಖೆಯ ತಕರಾರು ಬಂತೆಂದರೆ, ಆತ ಇನ್ನೊಮ್ಮೆ ಫೋನ್ ಎತ್ತುವುದಿಲ್ಲ.

ತಪ್ಪು ಕಲ್ಪನೆ: “ರಸೀದಿ ಕೊಟ್ಟೆವು, ಶಾಲು ಹೊದಿಸಿದೆವು. ಇನ್ನೇನು ಬಾಕಿ?”

ಬಾಕಿ ಇರುವುದೆಲ್ಲ ಇಲ್ಲೇ. ನನ್ನನ್ನು ಕೇಳಿದರೆ ಈ ಸೀಮೆಯ ಸಂಸ್ಥೆಗಳು ಸೋಲುವುದು ಕೇಳುವುದರಲ್ಲಲ್ಲ, ಕೊಟ್ಟ ಮೇಲೆ ಸುದ್ದಿ ಹೇಳುವುದರಲ್ಲಿ.

ನಮ್ಮ ಮದುವೆಗಳ ಮುಯ್ಯಿ ಪುಸ್ತಕ ನೋಡಿ. ಚಪ್ಪರದ ಮೂಲೆಯಲ್ಲಿ ಒಬ್ಬ ಕೂತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾನೆ. ಆ ಪುಸ್ತಕ ಇಪ್ಪತ್ತು ವರ್ಷ ಟ್ರಂಕಿನಲ್ಲಿರುತ್ತದೆ. ಮುಯ್ಯಿ ಕೊಟ್ಟವರ ಮನೆಯಲ್ಲಿ ಮದುವೆಯಾದರೆ ಪುಸ್ತಕ ತೆಗೆದು ನೋಡಿ, ಒಂದಿಷ್ಟು ಸೇರಿಸಿ ಹೊರಡುತ್ತಾರೆ. ಹಣಕ್ಕಿಂತ ಹೆಚ್ಚಾಗಿ ಅಲ್ಲಿ ದಾಖಲಾಗುವುದು ಎರಡು ಮನೆಗಳ ಹೋಗಿಬರುವಿಕೆ. ಇಷ್ಟು ಚೊಕ್ಕವಾಗಿ ಸಂಬಂಧದ ಲೆಕ್ಕ ಇಡಬಲ್ಲ ಜನ, ಟ್ರಸ್ಟಿನ ರಸೀದಿ ಪುಸ್ತಕದ ಅರೆಪ್ರತಿಯನ್ನು ಆಡಿಟರಿಗೆ ಕೊಟ್ಟು ಮರೆತುಬಿಡುತ್ತಾರೆ.

ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಮಧುಗಿರಿ ಕಡೆಯ ಒಬ್ಬ ತಾನು ಓದಿದ ಶಾಲೆಗೆ ಎರಡು ಸಾವಿರ ಕಳಿಸಿದ ಎಂದುಕೊಳ್ಳಿ. ಅವನಿಗೆ ಬೇಕಾದ್ದು ಆರು ತಿಂಗಳ ಮೇಲೆ ಒಂದು ಫೋನು: ನಿಮ್ಮ ದುಡ್ಡಿಗೆ ಇನ್ನಷ್ಟು ಸೇರಿಸಿ ನೀರಿನ ಫಿಲ್ಟರ್ ಹಾಕಿಸಿದೆವು, ಇಷ್ಟಾಯಿತು, ಇಷ್ಟು ಉಳಿಯಿತು. ಆ ಫೋನಿನಲ್ಲಿ ಇನ್ನೊಂದು ಬೇಡಿಕೆ ಇರಕೂಡದು. ಕೇಳಲು ಮಾತ್ರ ಫೋನ್ ಮಾಡುವವರ ನಂಬರನ್ನು ಜನ ಬೇಗ ಗುರುತು ಹಿಡಿಯುತ್ತಾರೆ. ಕೆಲಸ ಕೆಟ್ಟಿದ್ದರೆ ಅದನ್ನೂ ಹೇಳಬೇಕು. ಬೋರು ಕೊರೆಸಿದೆವು, ನೀರು ಬರಲಿಲ್ಲ ಎಂದರೆ ಪಾವಗಡದವನಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾಗದ್ದು ಮೌನ.

ಒಮ್ಮೆ ಕೊಟ್ಟವರನ್ನು ಮತ್ತೆ ಕೇಳಬಾರದು ಎಂಬ ಸಂಕೋಚವೂ ಈ ಮೌನದ ಇನ್ನೊಂದು ಮುಖ. ಸುದ್ದಿ ತಲುಪಿಸಿದವರಿಗೆ ಆ ಸಂಕೋಚ ಬರುವುದಿಲ್ಲ. ಯಾವಾಗ ಕೇಳಬೇಕು ಎಂಬುದಕ್ಕೂ ಲೆಕ್ಕವಿದೆ. ಕಡಲೆಕಾಯಿ ಬಿತ್ತನೆಯ ಜೂನ್-ಜುಲೈಯಲ್ಲಿ ರೈತನ ಕೈಯಲ್ಲಿ ಸಾಲವಲ್ಲದೆ ಬೇರೇನೂ ಇರುವುದಿಲ್ಲ. ಕಿತ್ತು ಮಾರಿದ ಮೇಲೆ ಹೋಗಿ. ಬೆಂಗಳೂರು ಸೇರಿದವರು ಯುಗಾದಿಗೆ, ಊರಹಬ್ಬಕ್ಕೆ ತಾವೇ ಬರುತ್ತಾರೆ. ಆಗ ಶಾಲೆಯ ಬಾಗಿಲು ತೆಗೆದಿಟ್ಟು ತೋರಿಸಿದರೆ ಅರ್ಧ ಮಾತು ಮುಗಿದಂತೆ.

ತಪ್ಪು ಕಲ್ಪನೆ: “ಎಲ್ಲರಿಗೂ ಬೇಕಾಗಿರೋದು ಹೆಸರು.”

ಫ್ಯಾನಿನ ಮೂರು ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ನಾಡಿನಲ್ಲಿ ಇದನ್ನು ಪೂರ್ತಿ ಅಲ್ಲಗಳೆಯಲಾರೆ. (ಫ್ಯಾನ್ ತಿರುಗುವಾಗ ಹೆಸರು ಕಾಣದು, ಕಾಣಬೇಕೆಂದರೆ ಸೆಕೆ ತಡೆಯಬೇಕು.) ಆದರೆ ಹೆಸರು ಬೇಡ ಎನ್ನುವವರೂ ಅಷ್ಟೇ ಇದ್ದಾರೆ. ತಂದೆಯ ಹೆಸರು ಸಾಕು ಎನ್ನುವವರು ಇನ್ನೂ ಹೆಚ್ಚು. ಮೊದಲೇ ಕೇಳಿಬಿಡುವುದು ಒಳ್ಳೆಯದು. ಫಲಕದ ಮೇಲೆ ಬೇಡವೆಂದರೂ ದಾಖಲೆಯಲ್ಲಿ ಹೆಸರು, ವಿಳಾಸ ಇರಲೇಬೇಕು. ಹೆಸರಿಲ್ಲದ ದೇಣಿಗೆ ಮಿತಿ ದಾಟಿದರೆ ಸೇವಾ ಸಂಸ್ಥೆಗಳಿಗೆ ಮೀರಿದ ಮೊತ್ತದ ಮೇಲೆ ಶೇ 30ರ ತೆರಿಗೆ ಇದೆ.

ತಪ್ಪು ಕಲ್ಪನೆ: “ಪ್ರತಿ ರೂಪಾಯಿಯೂ ನೇರ ಮಕ್ಕಳಿಗೇ, ಆಡಳಿತದ ಖರ್ಚು ಸೊನ್ನೆ.”

ಇದು ಕರಪತ್ರಗಳ ಹೆಮ್ಮೆಯ ಸಾಲು, ಹೆಚ್ಚಾಗಿ ಸುಳ್ಳು. ಆಡಿಟರ್ ಶುಲ್ಕ, ಬಸ್ ಚಾರ್ಜು, ಲೆಕ್ಕ ಬರೆಯುವ ಹುಡುಗಿಯ ಸಂಬಳ ಯಾರೋ ಕೊಡುತ್ತಿದ್ದಾರೆ, ಬಹಳ ಕಡೆ ಕಾರ್ಯದರ್ಶಿಯ ಹೆಂಡತಿ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವನ್ನು ತಮ್ಮ ಕತ್ತಿಗೆ ಕಟ್ಟಿಕೊಳ್ಳುವವರಿದ್ದಾರೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ, ಕೆಲಸ ಮಾಡುವ ಸಂಸ್ಥೆಗಲ್ಲ. ಖರ್ಚನ್ನು ಬಚ್ಚಿಡುವುದಕ್ಕಿಂತ ನೂರರಲ್ಲಿ ಇಷ್ಟು ಇದಕ್ಕೆ ಎಂದು ಬರೆಯುವುದೇ ಲೇಸು. ಲೆಕ್ಕ ಬಲ್ಲ ದಾನಿ ಸೊನ್ನೆಯನ್ನು ನಂಬುವುದಿಲ್ಲ.

ತಪ್ಪು ಕಲ್ಪನೆ: “ಕಣ್ಣೀರು ಬರೋ ಫೋಟೊ ಹಾಕಿದರೆ ದುಡ್ಡು ಬರುತ್ತೆ.”

ಮೊದಲ ಸಲ ಬರುತ್ತದೆ. ಪಾವಗಡದ ನೀರಿನಲ್ಲಿ ಫ್ಲೋರೈಡ್ ಇತ್ತು, ಕಾಲು ಸೊಟ್ಟಗಾದ ಮಕ್ಕಳಿದ್ದರು, ಆ ಚಿತ್ರಗಳು ಸುಳ್ಳಲ್ಲ. ತುಂಗಭದ್ರೆಯ ಹಿನ್ನೀರು ತರುವ ಯೋಜನೆ ಬಂದ ಮೇಲೂ ಹತ್ತು ವರ್ಷದ ಹಳೆಯ ಅದೇ ಫೋಟೊ ತಿರುಗುತ್ತಿದ್ದರೆ, ಇಷ್ಟು ದಿನ ಕೊಟ್ಟ ದುಡ್ಡು ಏನಾಯಿತು ಎಂದು ದಾನಿ ಕೇಳುವುದು ನ್ಯಾಯ. ಜೊತೆಗೆ, ಫೋಟೊದಲ್ಲಿ ನೋಟ್‌ಬುಕ್ ಹಿಡಿದು ಸಾಲಾಗಿ ನಿಂತ ಮಕ್ಕಳು ನಾಳೆ ಅದೇ ಊರಿನಲ್ಲಿ ತಲೆಯೆತ್ತಿ ಓಡಾಡಬೇಕಾದವರು.

ತಪ್ಪು ಕಲ್ಪನೆ: “ಅಮೆರಿಕದಲ್ಲಿರೋ ನಮ್ಮ ಹುಡುಗ ಸಂಘದ ಖಾತೆಗೇ ಡಾಲರ್ ಹಾಕ್ತಾನೆ.”

ಜೋಪಾನ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅವನು ಅಲ್ಲಿನ ಪೌರನಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಅದಕ್ಕೆ 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಇಳಿಯಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಹುಡುಗನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಲು ನಾಚಿಕೊಂಡು ಸಂಸ್ಥೆಯನ್ನು ತೊಂದರೆಗೆ ಸಿಕ್ಕಿಸಬೇಡಿ.

ತಪ್ಪು ಕಲ್ಪನೆ: “ದಾನಿಗಳೆಲ್ಲ ನಮ್ಮ ಹೆಡ್‌ಮಾಸ್ಟರಿಗೆ ಗೊತ್ತು.”

ಹೆಡ್‌ಮಾಸ್ಟರಿಗೆ ವರ್ಗವಾಗುತ್ತದೆ. ಅವರ ಮೊಬೈಲಿನ ಜೊತೆ ಇಡೀ ಬಳಗವೂ ಹೊರಟುಹೋಗುತ್ತದೆ. ಹೊಸಬರು ಬಂದು ಮತ್ತೆ ಮೊದಲಿಂದ ಸಾರ್, ನಮ್ಮ ಶಾಲೆ ಅಂತ ಶುರು ಮಾಡುತ್ತಾರೆ, ಐದು ಸಲ ಕೊಟ್ಟವರ ಮುಂದೆಯೂ. ಕೊಟ್ಟವರ ಹೆಸರು, ಯಾವ ವರ್ಷದ ಬ್ಯಾಚು, ಯಾವುದಕ್ಕೆ ಕೊಟ್ಟರು, ಕೊನೆಯ ಸುದ್ದಿ ಯಾವಾಗ ಮುಟ್ಟಿಸಿದೆವು, ಫೋಟೊ ಬೇಡ ಅಂದಿದ್ದರೋ, ಇಷ್ಟು ಕಾಲಮ್ಮಿನ ಒಂದು ದಪ್ಪ ರಿಜಿಸ್ಟರ್ ಸಾಕು. ಅದು ಕಚೇರಿಯ ಬೀರುವಿನಲ್ಲಿರಬೇಕು, ಚಾರ್ಜ್ ಪಟ್ಟಿಯಲ್ಲಿ ಕುರ್ಚಿ, ಗಂಟೆಗಳ ಜೊತೆ ಅದರ ಹೆಸರೂ ಸೇರಬೇಕು. ವರ್ಗವಾದ ದಿನ ಹಳಬರು ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಖ್ಯವಾದ ನಾಲ್ಕು ಜನಕ್ಕಾದರೂ ಫೋನ್ ಹಚ್ಚಿ, ಇವರು ಬಂದಿದ್ದಾರೆ, ಮಾತಾಡಿ ಎಂದು ಕೊಟ್ಟು ಹೋಗಬೇಕು.