ಮೆಟ್ಟಿಲಿಲ್ಲದ ಮಂದ್ರ

ಡಬಲ್ ಬಾಸ್ ಹೊತ್ತುಕೊಂಡು ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಹತ್ತಿದವರನ್ನು ಯಾರೂ ಕಂಡಿರಲಿಕ್ಕಿಲ್ಲ. ಆಳೆತ್ತರದ ಆ ವಾದ್ಯಕ್ಕೆ ಪ್ರತ್ಯೇಕ ವಾಹನವೇ ಬೇಕು. ಎಲೆಕ್ಟ್ರಿಕ್ ಬಾಸ್ ಗಿಟಾರ್ ಅಷ್ಟು ಗೋಳು ಹೊಯ್ದುಕೊಳ್ಳುವುದಿಲ್ಲ, ಆದರೂ ಅದರ ಉದ್ದ ನಾಲ್ಕಡಿಯ ಹತ್ತಿರ, ತೂಕ ನಾಲ್ಕು ಕಿಲೋ ಆಸುಪಾಸು. ವಾರವಿಡೀ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು, ಶನಿವಾರ ವೈಟ್‌ಫೀಲ್ಡಿನ ಗೆಳೆಯರ ಮನೆಯಲ್ಲಿ ಹಾಡು ಕೂರಿಸುವ ಹವ್ಯಾಸಿಗೆ ಅದೂ ಹೊರೆಯೇ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಯಿತು; 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿತು. ಊರಿನ ಎರಡು ತುದಿಗಳು ಹತ್ತಿರವಾದವು ನಿಜ, ಬೋಗಿಯೊಳಗೆ ನಾಲ್ಕಡಿಯ ಪೆಟ್ಟಿಗೆ ನಿಲ್ಲಿಸಲು ಜಾಗ ಮಾತ್ರ ಹೆಚ್ಚಲಿಲ್ಲ.

ಇಂಥವರ ಬೆನ್ನ ಮೇಲಿನ ಚೀಲಕ್ಕೆ ಒಗ್ಗುವಂತೆ ಬಂದ ವಾದ್ಯ ಬಾಸ್ ಉಕುಲೇಲೆ. ತಲೆಯಿಂದ ಬುಡದವರೆಗೆ ಸುಮಾರು ಎರಡೂವರೆ ಅಡಿ. ಮಡಿಲಲ್ಲಿಟ್ಟುಕೊಂಡರೆ ಮಕ್ಕಳ ಗಿಟಾರು ಅನ್ನಿಸಬೇಕು. ಆಂಪ್ಲಿಫೈಯರಿಗೆ ಸಿಕ್ಕಿಸಿ ಮೇಲಿನ ದಪ್ಪ ತಂತಿಯನ್ನು ಮೀಟಿದರೆ ಮಾತ್ರ ನಾಲ್ಕಡಿಯ ಬಾಸ್ ಗಿಟಾರ್ ಹೊರಡಿಸುವ ಅದೇ ‘ಇ’ ಸ್ವರ, ಸೆಕೆಂಡಿಗೆ ಸುಮಾರು 41 ಕಂಪನ. ಸಿ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಕಂಪನದ್ದು. ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ ಈ ಪುಟಾಣಿ. ಕೆಲವು ಮಾದರಿಗಳಲ್ಲಿ ಫ್ರೆಟ್ ಇರುತ್ತದೆ, ಅಂದರೆ ವೀಣೆಯಲ್ಲಿರುವಂಥ ಮೆಟ್ಟಿಲುಗಳು. ಇನ್ನು ಕೆಲವದರಲ್ಲಿ ಅದೂ ಇಲ್ಲ, ಕೊರಳು ಪೂರಾ ನುಣುಪು. ಸ್ವಾರಸ್ಯವೆಲ್ಲ ಈ ಎರಡನೆಯ ಬಗೆಯಲ್ಲಿ.

ಉಕುಲೇಲೆ ಮೂಲತಃ ಮಂದ್ರದ ವಾದ್ಯವೇ ಅಲ್ಲ. 1879ರ ಆಗಸ್ಟಿನಲ್ಲಿ ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಪೋರ್ಚುಗಲ್ಲಿನ ಮದೀರಾ ದ್ವೀಪದ ಕೂಲಿಕಾರ್ಮಿಕರನ್ನು ಹವಾಯಿಯ ಹೊನೊಲುಲುವಿಗೆ ತಂದಿಳಿಸಿತು. ಅವರ ಜೊತೆ ಬಂದ ಮಶೇಟ್ ಎಂಬ ಪುಟ್ಟ ತಂತಿವಾದ್ಯವೇ ಅಲ್ಲಿ ಉಕುಲೇಲೆಯಾಗಿ ಬೆಳೆಯಿತು. ಕಿಣಿಕಿಣಿ ನಾದದ ಆ ವಾದ್ಯಕ್ಕೆ ಬಾಸ್ ದನಿ ಕೊಡುವ ಆಲೋಚನೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಡ್ಡಿಯಾಗಿದ್ದದ್ದು ಭೌತಶಾಸ್ತ್ರ. ತಂತಿಯ ದನಿಯನ್ನು ನಿರ್ಧರಿಸುವುದು ಮೂರು ಸಂಗತಿ: ಉದ್ದ, ಬಿಗಿತ, ತೂಕ. ಬಾಸ್ ಗಿಟಾರಿನಲ್ಲಿ ನುಡಿಯುವ ತಂತಿಯ ಉದ್ದ 34 ಇಂಚು, ಬಾಸ್ ಉಕುಲೇಲೆಯಲ್ಲಿ ಸುಮಾರು 21. ಅದೇ ಉಕ್ಕಿನ ತಂತಿಯನ್ನು ಇಲ್ಲಿಗೆ ತಂದು ಅದೇ ಸ್ವರಕ್ಕೆ ಇಳಿಸಲು ಹೋದರೆ ಬಿಗಿತವನ್ನು ಐದರಲ್ಲಿ ಎರಡು ಪಾಲಿಗೆ ತಗ್ಗಿಸಬೇಕಾಗುತ್ತದೆ. ತಂತಿ ಜೋತುಬಿದ್ದು ಪಟಪಟ ಬಡಿಯುತ್ತದೆ. ತೂಕ ಹೆಚ್ಚಿಸೋಣ ಎಂದು ದಪ್ಪ ಉಕ್ಕು ಹಾಕಿದರೆ ಅದು ಸರಳಿನ ಹಾಗೆ ಸೆಟೆದು ನಿಂತು ನಾದವೇ ಒಡೆದುಹೋಗುತ್ತದೆ.

ದಪ್ಪವೂ ಬೇಕು, ಬಾಗಲೂ ಬೇಕು. ಇದಕ್ಕೆ ದಾರಿ ಹುಡುಕಿದವರು ಇಬ್ಬರು ಬ್ರಿಟಿಷರು, ಅಲುನ್ ಆಶ್‌ವರ್ತ್ ಜೋನ್ಸ್ ಮತ್ತು ನೈಜೆಲ್ ಥಾರ್ನ್‌ಬರಿ. ಇಬ್ಬರ ಹೆಸರನ್ನೂ ಬೆಸೆದ ‘ಆಶ್‌ಬರಿ’ ಬಾಸನ್ನು ಅಮೆರಿಕದ ಗಿಲ್ಡ್ ಕಂಪನಿ 1986ರಲ್ಲಿ ಮಾರುಕಟ್ಟೆಗೆ ತಂದಿತು. ತಂತಿಯ ಉದ್ದ ಕೇವಲ 18 ಇಂಚು, ಮೆಟ್ಟಿಲಿಲ್ಲ, ತಂತಿಗಳು ಸಿಲಿಕೋನ್ ರಬ್ಬರಿನವು. ಬೆರಳು ಅಂಟಿಕೊಳ್ಳುತ್ತಿತ್ತು ಎಂದು ನುಡಿಸುವವರು ಟಾಲ್ಕಮ್ ಪೌಡರ್ ಬಳಿದುಕೊಳ್ಳುತ್ತಿದ್ದರು. ಮುಂದೆ ರೋಡ್ ಟೋಡ್ ಮ್ಯೂಸಿಕ್‌ನ ಓವನ್ ಹೋಲ್ಟ್ ಈ ತತ್ವವನ್ನೇ ಹಿಡಿದು, ಬ್ಯಾರಿಟೋನ್ ಉಕುಲೇಲೆ ಗಾತ್ರದ ಟೊಳ್ಳು ಮರದ ಒಡಲಿಗೆ ಪಾಲಿಯುರೆಥೇನ್ ತಂತಿ ಕಟ್ಟಿದರು. ಕ್ಯಾಲಿಫೋರ್ನಿಯಾದ ಕಾಲಾ ಕಂಪನಿ 2010ರ ಸುಮಾರಿಗೆ ಅದನ್ನು ‘ಯು-ಬಾಸ್’ ಹೆಸರಿನಲ್ಲಿ ಮಾರತೊಡಗಿದ ಮೇಲೆ ಬೇರೆ ಕಂಪನಿಗಳೂ ಸಾಲುಗಟ್ಟಿದವು.

ಪಾಲಿಯುರೆಥೇನ್ ಪೀಣ್ಯದ ಕಾರ್ಖಾನೆಯವರಿಗೆ ಅಪರಿಚಿತ ವಸ್ತುವಲ್ಲ. ಯಂತ್ರದ ರೋಲರು, ಬುಷ್ಷು, ಬೆಲ್ಟು, ಎಲ್ಲದರಲ್ಲೂ ಅದಿದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ, ಬೇಗ ಸವೆಯುವುದಿಲ್ಲ. ವಾದ್ಯದಲ್ಲಿ ಈ ಹಿಗ್ಗುವ ಗುಣವೇ ಆರಂಭದ ಕಾಟ. ಹೊಸ ತಂತಿ ಹಾಕಿದವರು ಬಿರಡೆಯನ್ನು ತಿರುವಿದಷ್ಟೂ ತಂತಿ ಬರುತ್ತಲೇ ಇರುತ್ತದೆ. ಶ್ರುತಿ ಸೇರಿತು ಎಂದು ಕೆಳಗಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಅರ್ಧ ಸ್ವರ ಇಳಿದಿರುತ್ತದೆ. ಕೆಲವು ದಿನ ಹೀಗೆ ಆಡಿಸಿ ಆಮೇಲೆ ದಾರಿಗೆ ಬರುತ್ತದೆ. ಈ ತಾಪತ್ರಯ ಬೇಡ ಎನ್ನುವವರಿಗಾಗಿ ಲೋಹದ ಸುತ್ತು ಇರುವ ತಂತಿಗಳೂ ಈಗ ಸಿಗುತ್ತವೆ. ಅವುಗಳ ದನಿ ಬಾಸ್ ಗಿಟಾರಿನ ಕಡೆಗೆ ವಾಲುತ್ತದೆ, ರಬ್ಬರಿನ ಗುಂಗು ಅಲ್ಲಿರುವುದಿಲ್ಲ.

ಆ ಗುಂಗು ಎಂಥದ್ದು? ಎಲೆಕ್ಟ್ರಿಕ್ ಬಾಸಿನ ಉಕ್ಕಿನ ತಂತಿಯಲ್ಲಿ ಮೂಲಸ್ವರದ ಜೊತೆಗೆ ಎಷ್ಟೋ ಉಪಸ್ವರಗಳು ಹೊರಟು, ಝೇಂಕಾರ ಬಹಳ ಹೊತ್ತು ನಿಲ್ಲುತ್ತದೆ. ಮೆತ್ತನೆಯ ತಂತಿ ಮೇಲಿನ ಉಪಸ್ವರಗಳನ್ನು ಹುಟ್ಟುತ್ತಲೇ ತಾನೇ ನುಂಗಿಬಿಡುತ್ತದೆ. ಉಳಿಯುವುದು ದುಂಡನೆಯ, ಒಳಗಿನಿಂದ ಬಂದಂತಹ ‘ದುಂ’. ಕ್ಷಣಕಾಲ ಅರಳಿ ಬೇಗ ಆರಿಹೋಗುತ್ತದೆ. ಜಾಝ್ ತಂಡಗಳಲ್ಲಿ ಬೆರಳಿನಿಂದ ಮೀಟುವ ಡಬಲ್ ಬಾಸಿನ ದನಿಯೂ ಹೀಗೆಯೇ. ಕಣ್ಣು ಮುಚ್ಚಿ ಕೇಳಿದರೆ ಮೋಸಹೋಗುವಷ್ಟು ಹೋಲಿಕೆ ಇದೆ.

ಮೊಬೈಲಿನಲ್ಲಿ ಕೇಳಿ ಈ ವಾದ್ಯವನ್ನು ಅಳೆಯಬಾರದು. ಅಂಗುಲದಷ್ಟೂ ಇಲ್ಲದ ಸ್ಪೀಕರಿಗೆ 41 ಕಂಪನದ ಸ್ವರ ಹೊರಡಿಸುವ ತಾಕತ್ತೇ ಇಲ್ಲ. ಉಪಸ್ವರಗಳ ಜಾಡು ಹಿಡಿದು ನಮ್ಮ ಮಿದುಳು ಕಾಣೆಯಾದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಉಪಸ್ವರಗಳೇ ಕಡಿಮೆ ಇರುವ ಈ ವಾದ್ಯದಲ್ಲಿ ಆ ಊಹೆಗೂ ಆಧಾರ ಸಾಲದು.

ಇನ್ನು ಮೆಟ್ಟಿಲಿನ ಮಾತು. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು ಸ್ವರದ ಜಾಗವನ್ನು ಖಾತರಿಪಡಿಸುತ್ತವೆ. ಗಮಕಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆಯುತ್ತೇವೆ. ಪಿಟೀಲಿನಲ್ಲಿ ಅಂಥ ಖಾತರಿ ಇಲ್ಲ. ಮೈಸೂರು ಅರಮನೆಯ ವಿದ್ವಾಂಸರಾಗಿದ್ದ ನಾರಾಯಣ ಅಯ್ಯಂಗಾರ್ ಪ್ರಸಿದ್ಧಿಗೆ ತಂದ ಗೋಟುವಾದ್ಯವಂತೂ ಮೆಟ್ಟಿಲೇ ಇಲ್ಲದ ವೀಣೆ. ಹಾಗಾಗಿ ‘ಫ್ರೆಟ್‌ಲೆಸ್’ ಎಂಬುದು ಪಶ್ಚಿಮದ ಬಾಸ್ ವಾದಕರಿಗೆ ಸಾಹಸವಾಗಿ ಕಂಡರೂ ನಮ್ಮ ಕಿವಿಗೆ ಹಳೆಯ ನೆಂಟ. ಜಾಕೊ ಪಾಸ್ಟೋರಿಯಸ್ ಎಂಬ ಅಮೆರಿಕದ ವಾದಕ ತನ್ನ ಫೆಂಡರ್ ಬಾಸಿನ ಫ್ರೆಟ್‌ಗಳನ್ನು ಕಿತ್ತು, ಕೊರಳಿಗೆ ಎಪಾಕ್ಸಿ ಬಳಿದು, 1976ರಲ್ಲಿ ಮೊದಲ ಆಲ್ಬಂ ತಂದಾಗ ಬಾಸ್ ಲೋಕ ಬೆಚ್ಚಿಬಿದ್ದಿತು. ಹತ್ತು ವರ್ಷದ ನಂತರ ಪಾಲ್ ಸೈಮನ್‌ನ ‘ಗ್ರೇಸ್‌ಲ್ಯಾಂಡ್’ ಆಲ್ಬಮ್ಮಿನಲ್ಲಿ ದಕ್ಷಿಣ ಆಫ್ರಿಕಾದ ಬಕಿತಿ ಕುಮಾಲೊ ಅದೇ ಬಗೆಯ ಬಾಸನ್ನು ಜಾರಿಸಿ, ಚಿಮ್ಮಿಸಿ ನುಡಿಸಿದರು. ಅದರಲ್ಲಿನ ‘ಯೂ ಕ್ಯಾನ್ ಕಾಲ್ ಮಿ ಆಲ್’ ಹಾಡಿನ ಬಾಸ್ ತುಣುಕಿನ ಮೊದಲರ್ಧವಷ್ಟೇ ಅವರು ನುಡಿಸಿದ್ದು. ಉಳಿದರ್ಧ ಅದೇ ಟೇಪನ್ನು ಹಿಂದುಮುಂದಾಗಿ ಓಡಿಸಿ ಜೋಡಿಸಿದ್ದು.

ಜಾಕೊನ ಬಾಸಿನಲ್ಲಿ ಸ್ವರ ‘ಮ್ವಾ’ ಎಂದು ಬಾಯಿ ತೆರೆದಂತೆ ಕೇಳುತ್ತದೆ. ಕಂಪಿಸುವ ತಂತಿ ನುಣುಪಾದ ಮರಕ್ಕೆ ಓರೆಯಾಗಿ ಸವರಿಕೊಂಡು ಹೋಗುವುದೇ ಕಾರಣ. ತಂಬೂರಿಯ ಅಗಲವಾದ ಕುದುರೆಯ (ತಂತಿ ಹಾದುಹೋಗುವ ಬ್ರಿಡ್ಜಿನ) ಮೇಲೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಸಿ.ವಿ. ರಾಮನ್ ಬೆಂಗಳೂರಿಗೆ ಬರುವ ಮೊದಲೇ, ಕಲ್ಕತ್ತೆಯಲ್ಲಿದ್ದಾಗ, ತಂಬೂರಿ ಮತ್ತು ವೀಣೆಯ ಕುದುರೆಗಳನ್ನು ಅಭ್ಯಾಸ ಮಾಡಿ 1921ರಲ್ಲಿ ಬರೆದಿದ್ದರು: ತಂತಿಯನ್ನು ಎಲ್ಲಿ ಮೀಟಿದರೆ ಒಂದು ಉಪಸ್ವರ ಹುಟ್ಟಲೇಬಾರದೋ ಅಲ್ಲೇ ಮೀಟಿದರೂ ಈ ವಾದ್ಯಗಳಲ್ಲಿ ಅದು ಗಟ್ಟಿಯಾಗಿ ಕೇಳುತ್ತದೆ. ಯುರೋಪಿನ ವಿಜ್ಞಾನಿಗಳು ಒಪ್ಪಿಕೊಂಡಿದ್ದ ನಿಯಮಕ್ಕೆ ಇದು ವಿರುದ್ಧವಾಗಿತ್ತು. ಕುದುರೆಯ ಬಾಗಿದ ಮೈಯನ್ನು ತಂತಿ ಸವರುವುದೇ ಈ ಮಾಟದ ಗುಟ್ಟು.

ರಬ್ಬರ್ ತಂತಿಯ ಉಕುಲೇಲೆಯಲ್ಲಿ ಈ ‘ಮ್ವಾ’ ಅಷ್ಟಾಗಿ ಬರುವುದಿಲ್ಲ ಎಂಬುದನ್ನು ಹೇಳಿಬಿಡಬೇಕು. ಉಕ್ಕಿನ ತಂತಿಯ ಮಾಯೆ ಅದು. ಇಲ್ಲಿ ಸಿಗುವುದು ಬೇರೆ. ಬೆರಳ ಮಾಂಸವೇ ತಂತಿಯನ್ನು ತಡೆಯುವುದರಿಂದ ಸ್ವರದ ಮೊದಲ ತುದಿ ಇನ್ನಷ್ಟು ಮಿದು, ಮತ್ತು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಗಂಟಿಲ್ಲ. ಕನ್ನಡ ಸುಗಮ ಸಂಗೀತದ ಹಾಡಿನಲ್ಲಿ ಗಾಯಕಿ ಗಾಂಧಾರದಿಂದ ರಿಷಭಕ್ಕೆ ಎಳೆದಿಳಿದರೆ ಫ್ರೆಟ್ ಇರುವ ಬಾಸು ಎರಡು ಹೆಜ್ಜೆಯಲ್ಲಿ ಇಳಿಯುತ್ತದೆ. ಇದು ಅವಳ ಜೊತೆಗೇ ಇಳಿಯಬಲ್ಲದು. ಡಿ ಶ್ರುತಿಯ ಹಾಡಾದರೆ ತಂತಿಗಳನ್ನು ಬದಲಿಸುವ ಕೆಲಸವೂ ಇಲ್ಲ: ಡಿ ತಂತಿ ಷಡ್ಜ, ಎ ತಂತಿ ಅದರ ಕೆಳಗಿನ ಪಂಚಮ, ಜಿ ತಂತಿ ಶುದ್ಧ ಮಧ್ಯಮ. ಇ ತಂತಿಯನ್ನು ಒಂದು ಸ್ವರ ಇಳಿಸಿಕೊಂಡರೆ ಇನ್ನೊಂದು ಷಡ್ಜ ಕೈಗೆ ಬಂತು. ಬಾಸಿನ ರುಚಿ ನಮ್ಮವರಿಗೆ ಹೊಸದೂ ಅಲ್ಲ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೊಮ್ಮೆ ಕೇಳಬೇಕು. ಕೆಳಗಿನ ದನಿ ತಾಳ ಹಾಕುತ್ತಾ ಕೂರದೆ ತಾನೂ ಒಂದು ರಾಗ ಹಾಡುತ್ತಿರುತ್ತದೆ.

ಸುಲಭವೇ ಎಂದರೆ, ಅಲ್ಲ. ಲೆಕ್ಕ ಹಾಕಿದರೆ ತಿಳಿಯುತ್ತದೆ. ಬಾಸ್ ಗಿಟಾರಿನಲ್ಲಿ ಮೊದಲ ಅರ್ಧಸ್ವರಕ್ಕೆ ಸುಮಾರು 4.8 ಸೆಂಟಿಮೀಟರ್ ಜಾಗವಿದ್ದರೆ ಇಲ್ಲಿ ಮೂರೇ ಸೆಂಟಿಮೀಟರ್. ಒಂದೂವರೆ ಸೆಂಟಿಮೀಟರ್ ಅಗಲದ ಬೆರಳು ತನ್ನ ಅಗಲದಷ್ಟು ಸರಿದರೆ ಅರ್ಧಸ್ವರದಲ್ಲಿ ಅರ್ಧ ಹೋಯಿತು. ಕೊರಳಿನ ಕೆಳಗೆ, ತಾರದ ಹತ್ತಿರ, ಅದೇ ತಪ್ಪಿಗೆ ಪೂರ್ತಿ ಅರ್ಧಸ್ವರವೇ ದಂಡ. ಕೆಲವು ಕಂಪನಿಗಳು ಫ್ರೆಟ್ ಇರಬೇಕಾದ ಜಾಗದಲ್ಲಿ ಗೆರೆ ಎಳೆದಿರುತ್ತವೆ. ಅದು ದಾರಿ ತೋರಿಸುತ್ತದೆಯೇ ಹೊರತು ಕೈ ಹಿಡಿದು ನಡೆಸುವುದಿಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ವಂಶದ್ದೇ ಒಂದು ಪೆಟ್ಟಿಗೆಯನ್ನೋ ಆಪ್ ಅನ್ನೋ ಪಕ್ಕದಲ್ಲಿಟ್ಟುಕೊಂಡು ಅಭ್ಯಾಸ ಮಾಡುವುದು ಗೆರೆ ನೋಡುವುದಕ್ಕಿಂತ ಮೇಲು. ಶ್ರುತಿ ತಪ್ಪಿದ ಕೂಡಲೇ ಕಿವಿಗೆ ಚುಚ್ಚುತ್ತದೆ. ಕರ್ನಾಟಕ ಸಂಗೀತದಲ್ಲಿ ಸರಳೆ ವರಸೆಯವರೆಗಾದರೂ ಹೋಗಿ ಬಿಟ್ಟವರಿಗೆ ಇಲ್ಲೊಂದು ಅನುಕೂಲವಿದೆ: ಹಾಡಿಕೊಂಡೇ ಬೆರಳಿಡುವ ಅಭ್ಯಾಸ.

ಎರಡನೆಯ ಕೊರತೆ ದನಿಯ ಗಟ್ಟಿತನದ್ದು. ಟೊಳ್ಳು ಒಡಲಿದ್ದರೂ ಅದು ತೀರಾ ಚಿಕ್ಕದು. ಇಷ್ಟು ಉದ್ದನೆಯ ಅಲೆಗಳನ್ನು ಗಾಳಿಗೆ ತಳ್ಳುವಷ್ಟು ಮೈ ಅದಕ್ಕಿಲ್ಲ. ಕೋಣೆಯಲ್ಲಿ ಒಬ್ಬರೇ ಕೂತು ನುಡಿಸಲು ಸಾಕು, ಪಕ್ಕದಲ್ಲಿ ಒಂದು ಗಿಟಾರು, ಕೈಯಲ್ಲಿ ಬಡಿಯುವ ಒಂದು ಕಹೋನ್ ಪೆಟ್ಟಿಗೆ ಸೇರಿದರೆ ಮುಗಿಯಿತು. ಮೈಕು ಇಲ್ಲದ ಕಾಲದಲ್ಲಿ ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡದ್ದು ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದೇ. ಬಾಸ್ ಉಕುಲೇಲೆ ಹಿಡಿದ ದಾರಿ ವಿದ್ಯುತ್ತಿನದು. ಕುದುರೆಯ ಕೆಳಗೆ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಆಗಿ ಪೀಜೋ ಎಂಬ ಪಟ್ಟಿಯೊಂದಿರುತ್ತದೆ. ಒತ್ತಡ ಬಿದ್ದರೆ ವಿದ್ಯುತ್ ಹುಟ್ಟಿಸುವ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ ಎಂದಾಗ ಕಿಡಿ ಹಾರಿಸುವುದೂ ಇದೇ, ಕಾರ್ಖಾನೆಗಳಲ್ಲಿ ಬೇರಿಂಗಿನ ನಡುಕ ಅಳೆಯುವ ಸೆನ್ಸರುಗಳಲ್ಲಿ ಕೂತಿರುವುದೂ ಇದೇ. ಮಾಮೂಲಿ ಬಾಸಿನ ಅಯಸ್ಕಾಂತದ ಪಿಕಪ್ ಇಲ್ಲಿ ನಡೆಯದು, ಉಕ್ಕಲ್ಲದ ತಂತಿಯನ್ನು ಅಯಸ್ಕಾಂತ ಗುರುತಿಸುವುದಿಲ್ಲ. ಪೀಜೋದಿಂದ ಬರುವ ಸಣ್ಣ ಸಂಕೇತವನ್ನು ಒಳಗಿನ ಪ್ರೀಆಂಪ್ ಹಿಗ್ಗಿಸುತ್ತದೆ. ಅದಕ್ಕೆ ಬ್ಯಾಟರಿ ಬೇಕು, ಅದು ಕಾರ್ಯಕ್ರಮದ ನಡುವೆಯೇ ಮುಗಿಯುವುದು ವಾಡಿಕೆ.

ಕೊಳ್ಳುವವರು ತಂತಿ ಮತ್ತು ಪಿಕಪ್ ನೋಡಿ ಕೊಳ್ಳಬೇಕು, ಮರದ ಹೊಳಪು ಆಮೇಲೆ. ಕೊರಳಿನ ಹಲಗೆ ಬೀಟೆಯದೆಂದು ಹೇಳಿದರೆ ಸಂತೋಷಪಡಬಹುದು. ದಕ್ಷಿಣ ಭಾರತದ ಕಾಡುಗಳ ಈ ಮರ ಲೋಕದ ಅದೆಷ್ಟೋ ಗಿಟಾರುಗಳಿಗೆ ಬೆರಳ ಹಾದಿಯಾಗಿದೆ. 2017ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಕಟ್ಟು ಬಿದ್ದು, 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಮೆತ್ತನೆಯ ತಂತಿಯ ಕೆಳಗೆ ಬೀಟೆ ಇದೆಯೋ ಬೇರೆ ಗಟ್ಟಿಮರವಿದೆಯೋ ಎಂಬುದನ್ನು ಕೇಳುಗರ ಸಾಲಿನಿಂದ ಗುರುತಿಸುವುದು ಕಷ್ಟ.

ಅಪಾರ್ಟ್‌ಮೆಂಟಿನಲ್ಲಿರುವವರು ಆಂಪ್ಲಿಫೈಯರಿನ ಜೊತೆಗೆ ಒಂದು ಹೆಡ್‌ಫೋನನ್ನೂ ಕೊಂಡುಬಿಡುವುದು ಲೇಸು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಇದನ್ನು ಅಳೆಯುವುದು ಮನುಷ್ಯನ ಕಿವಿಗೆ ಹೊಂದಿಸಿದ ‘ಎ’ ಮಾಪಕದಲ್ಲಿ. 40 ಕಂಪನದ ಆಸುಪಾಸಿನ ಸದ್ದನ್ನು ಆ ಮಾಪಕ ಸುಮಾರು 35 ಡೆಸಿಬೆಲ್ ಕಡಿಮೆ ಮಾಡಿ ಓದುತ್ತದೆ. ಅಂದರೆ ಮೀಟರಿನ ಮುಂದೆ ಈ ಬಾಸು ನಿರಪರಾಧಿ. ಗೋಡೆಯನ್ನೂ ನೆಲವನ್ನೂ ಸುಲಭವಾಗಿ ದಾಟುವುದು ಮಾತ್ರ ಇಂಥ ತಗ್ಗು ಸದ್ದೇ, ಮತ್ತು ಕೆಳಗಿನ ಮನೆಯವರು ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ದೂರು ಹಾಕುವ ಮುಂಚೆ ಮೀಟರ್ ತಂದು ನೋಡುವುದಿಲ್ಲ.