ಬುಡಾಪೆಸ್ಟ್: ಎರಡನೇ ನಂಬರ್ ಟ್ರಾಮ್ ಹತ್ತಿ

ಬುಡಾಪೆಸ್ಟ್‌ಗೆ ಹೋದೋರು ಡ್ಯಾನ್ಯೂಬ್ ನೋಡೋಕೆ ಅಂತ ಸೀದಾ ಕ್ರೂಸ್ ಬುಕ್ ಮಾಡ್ತಾರೆ. ಸ್ವಲ್ಪ ತಡೀರಿ! ಎರಡನೇ ನಂಬರ್ ಟ್ರಾಮ್ ನದಿ ದಂಡೆಯಲ್ಲೇ ಓಡುತ್ತೆ, ಮಾಮೂಲಿ ಟಿಕೆಟ್ ಸಾಕು. ದೊಡ್ಡ ಮಾರ್ಕೆಟ್ ಹತ್ರ ಹತ್ತಿ, ಪಾರ್ಲಿಮೆಂಟ್ ಕಡೆ ಹೊರಟು ಎಡಗಡೆ ಕಿಟಕಿ ಹಿಡೀರಿ.

ಆಚೆ ದಡದ ಗುಡ್ಡದ ಮೇಲೆ ಬುಡಾ ಅರಮನೆ. ಈಚೆಗೆ ಪೆಸ್ಟ್. 1873ರವರೆಗೆ ಇವು ಬೇರೆಬೇರೆ ಊರು. ನಡುವೆ ಕಲ್ಲಿನ ಸಿಂಹಗಳು ಕಾಯ್ತಿರೋದು 1849ರ ಚೈನ್ ಬ್ರಿಜ್. ಅದಕ್ಕೂ ಮುಂಚೆ ದೋಣಿ ಜೋಡಿಸಿದ ಸೇತುವೆ ಇತ್ತು, ಚಳಿಗಾಲ ಬಂತಂದ್ರೆ ಬಿಚ್ಚಿಡಬೇಕು! 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಚೈನ್ ಬ್ರಿಜ್ಜನ್ನ ಸ್ಫೋಟಿಸ್ತು. 1949ಕ್ಕೆ, ಸರಿಯಾಗಿ ನೂರನೇ ವರ್ಷಕ್ಕೆ, ಮತ್ತೆ ತೆರೀತು.

ಪಾರ್ಲಿಮೆಂಟ್ ಹತ್ರ ಇಳಿದು ದಡಕ್ಕೆ ಬನ್ನಿ. ಕಬ್ಬಿಣದ 60 ಜೊತೆ ಶೂಗಳು. ಹಿಮ್ಮಡಿ ಸವೆದದ್ದು, ಲೇಸ್ ಬಿಚ್ಚಿದ್ದು, ಪುಟ್ಟ ಮಕ್ಕಳದ್ದೂ ಇವೆ. 1944-45ರಲ್ಲಿ ಹಂಗೇರಿಯದೇ ಫ್ಯಾಸಿಸ್ಟರು ಯಹೂದಿಗಳನ್ನ ಇಲ್ಲಿ ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ತಳ್ಳಿದ್ರು. ಸೆಲ್ಫಿ ಬೇಡ ರೀ, ಇಲ್ಲೊಂದು ಬಿಡಿ.

ಸಂಜೆ 1896ರ ಹಳದಿ ಮೆಟ್ರೋ ಹಿಡಿದು ಸೆಚೆನಿ ಸ್ನಾನಗೃಹಕ್ಕೆ ಹೋಗಿ. ಬಿಸಿನೀರಲ್ಲಿ ಎದೆಮಟ್ಟ ನಿಂತು ಚೆಸ್ ಆಡೋ ತಾತಂದಿರು ಸಿಕ್ಕರೂ ಸಿಕ್ಕಾರು. ಟವೆಲ್, ಹವಾಯಿ ಚಪ್ಪಲಿ ನೀವೇ ಒಯ್ಯಿರಿ.